ಕೆಲಸ ಹೋದರೆ ಒಂದು ವರ್ಷ ಮನೆ ನಡೆಸೋದು ಹೇಗೆ? ಅನುಭವ ಇದ್ದವರು ಹೇಳಿ

ಗೋಣಿಕೊಪ್ಪ, ಈಗ ಡಲ್ಲಾಸ್:
ಎಲ್ಲರಿಗೂ ನಮಸ್ಕಾರ. ನನ್ನ ಗಂಡನ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದಾರೆ. ಪಕ್ಕದ ಟೀಮ್ ಪೂರ್ತಿ ಹೋಯಿತು. ಇವರ ಹೆಸರು ಇನ್ನೂ ಬಂದಿಲ್ಲ, ಯಾವಾಗ ಬರುತ್ತೋ ಗೊತ್ತಿಲ್ಲ. ಇವರದು ಎಚ್-1ಬಿ (ಅಮೆರಿಕದ ಕೆಲಸದ ವೀಸಾ), ನನ್ನದು ಎಚ್-4 (ಅವರ ಹೆಂಡತಿಯಾಗಿ ಸಿಕ್ಕ ವೀಸಾ), ನಾನು ಕೆಲಸ ಮಾಡುವ ಹಾಗಿಲ್ಲ. ಮನೆ ಸಾಲ ಇದೆ. ಕೈಯಲ್ಲಿ ಎಷ್ಟು ದುಡ್ಡು ಇರಬೇಕು, ಇನ್ಶೂರೆನ್ಸ್ ಗತಿ ಏನು, ದಿನಸಿ ತುಂಬಿಟ್ಟರೆ ಉಪಯೋಗ ಇದೆಯಾ, ಮಕ್ಕಳಿಗೆ ಏನು ಹೇಳೋದು? ಆರನೇ ಕ್ಲಾಸಿನ ಮಗಳು ನಿನ್ನೆ ‘ನಾವು ಇಂಡಿಯಾಗೆ ಹೋಗ್ತೀವಾ’ ಅಂತ ಕೇಳಿದಳು. ಸುಮ್ನೆ ಮಾತು ಬದಲಾಯಿಸಿದೆ.

ಸೋಮವಾರಪೇಟೆ, ಈಗ ನ್ಯೂಜೆರ್ಸಿ:
ಹೆದರಬೇಡ ತಂಗಿ. ದಿನಸಿ ವಿಷಯ ನಾನು ಹೇಳ್ತೀನಿ. 2023ರ ಜುಲೈನಲ್ಲಿ ಭಾರತ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಇಲ್ಲಿ ಜನ ಮುಗಿಬಿದ್ದು ಅಕ್ಕಿ ಮೂಟೆ ಹೊತ್ತುಕೊಂಡು ಹೋದರಲ್ಲ, ಹಾಗೆ ಮಾಡಬೇಡ. ಈಗಿನಿಂದಲೇ ಪ್ರತಿ ಸಲ ಒಂದು ಚೀಲ ಜಾಸ್ತಿ ತಾ, ಹಳೆಯದನ್ನು ಮೊದಲು ಖಾಲಿ ಮಾಡು. ಮನೆಯವರು ತಿನ್ನೋದನ್ನೇ ತಾ. ಅಕ್ಕಿ, ತೊಗರಿಬೇಳೆ, ಹುರುಳಿ, ಎಣ್ಣೆ, ಉಪ್ಪು ಸಾಕು. ತಂದ ಅಕ್ಕಿಯನ್ನು ನಾಲ್ಕು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಡಬ್ಬಿಗೆ ಹಾಕಿದರೆ ಹುಳ ಬೀಳಲ್ಲ. ನಮ್ಮಮ್ಮ ಮಳೆ ಹಿಡಿಯೋ ಮುಂಚೆ ಮಾಡುತ್ತಿದ್ದದ್ದು ಇದೇ ಅಲ್ವಾ. ಕಟ್ಟಿಗೆ ಒಣಗಿಸಿ ಒಲೆಯ ಮೇಲಿನ ಅಟ್ಟಕ್ಕೆ, ಒಣಮೀನು ಡಬ್ಬಿಗೆ, ಮಾವಿನಕಾಯಿ ಉಪ್ಪುನೀರಿಗೆ. ಕಕ್ಕಡದಲ್ಲಿ (ನಮ್ಮ ಕಡೆ ಜೋರು ಮಳೆಯ ತಿಂಗಳು) ವಾರಗಟ್ಟಲೆ ಕರೆಂಟ್ ಇಲ್ಲದಿದ್ದರೂ ಅಡಿಗೆ ನಿಂತಿದ್ದು ನೋಡಿಲ್ಲ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಒಂದು ಬಾಟಲಿ ಇದ್ದರೆ ವರ್ಷಗಟ್ಟಲೆ ಕೆಡಲ್ಲ, ಯಾರಾದರೂ ಊರಿಂದ ಬರುವಾಗ ಹೇಳಿ ತರಿಸು.

ಕುಶಾಲನಗರ, ಈಗ ಟೊರಾಂಟೊ:
ನಮ್ಮದೂ ಇದೇ ಕಥೆ. ಉತ್ತರ ಬಂದರೆ ನನ್ನನ್ನೂ ಟ್ಯಾಗ್ ಮಾಡಿ.

ವಿರಾಜಪೇಟೆ, ಈಗ ಸಿಯಾಟಲ್:
ಅಕ್ಕಿಗಿಂತ ಮೊದಲು ಕ್ಯಾಲೆಂಡರ್ ನೋಡಿ. ಎಚ್-1ಬಿಯಲ್ಲಿ ಕೆಲಸದ ಕೊನೇ ದಿನದಿಂದ ಹೆಚ್ಚೆಂದರೆ 60 ದಿನ. ಐ-94 (ಎಲ್ಲಿಯವರೆಗೆ ಇರಬಹುದು ಅನ್ನೋ ದಾಖಲೆ) ಅದಕ್ಕೂ ಮೊದಲೇ ಮುಗಿದರೆ ಆ ದಿನದವರೆಗೆ ಮಾತ್ರ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ವಿಸಿಟರ್ ಸ್ಟೇಟಸ್‌ಗೆ ನೀವು ಅರ್ಜಿ ಹಾಕಬೇಕು, ಇಲ್ಲವೇ ಹೊರಡಬೇಕು. ಹಾಗಾಗಿ ‘ಒಂದು ವರ್ಷದ ತಯಾರಿ’ ಅಂದರೆ ನಿಮಗೆ ಎರಡು ಲೆಕ್ಕ: ಇಲ್ಲೇ ಉಳಿದರೆ ಏನು, ಎರಡೇ ತಿಂಗಳಲ್ಲಿ ಮನೆ ಖಾಲಿ ಮಾಡಬೇಕಾದರೆ ಏನು. ನಿರುದ್ಯೋಗ ಭತ್ಯೆ ನಂಬಬೇಡಿ, ಈ ವೀಸಾದವರಿಗೆ ಸಿಗೋದು ಕಷ್ಟ. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ನಗದಾಗಿಯೇ ಇರಲಿ, ಷೇರಿನಲ್ಲಿ ಬೇಡ. 401ಕೆ (ಕಂಪನಿಯ ನಿವೃತ್ತಿ ಉಳಿತಾಯ) ಕೈಗೆ ತೆಗೆದರೆ ಐವತ್ತೊಂಬತ್ತೂವರೆ ವರ್ಷದ ಒಳಗಿನವರಿಗೆ ತೆರಿಗೆ ಬಿಟ್ಟು ಸಾಮಾನ್ಯವಾಗಿ ಶೇ. 10 ದಂಡ ಬೇರೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮನೆಯ ಮೇಲೆ ಕ್ರೆಡಿಟ್ ಲೈನ್ (ಬೇಕಾದಾಗ ಬೇಕಾದಷ್ಟು ತೆಗೆಯೋ ಸಾಲ) ಬೇಕಿದ್ದರೆ ಸಂಬಳದ ಚೀಟಿ ಬರುತ್ತಿರುವಾಗಲೇ ಮಾಡಿಸಿ. ಕೆಲಸ ಹೋದ ಮೇಲೆ ಬ್ಯಾಂಕು ಕೊಡೋದು ಕಷ್ಟ.

ಸುಂಟಿಕೊಪ್ಪ, ಈಗ ಲಂಡನ್:
ಓದಿ ನಗು ಬಂತು, ಬೇಜಾರೂ ಆಯ್ತು. ಡಬ್ಬಿಯಲ್ಲಿ ಅಕ್ಕಿ ತುಂಬಿಟ್ಟರೆ ಸ್ವಾವಲಂಬನೆಯಾ? ಕೊಡಗಿನವರಾಗಿ ಇನ್ನೊಬ್ಬರ ದೇಶದಲ್ಲಿ 60 ದಿನ ಎಣಿಸುತ್ತಾ ಕೂರಬೇಕಾ? ನಮ್ಮ ತಾತನ ಕಾಲದಲ್ಲಿ ಅಂಗಡಿಯಿಂದ ಬರುತ್ತಿದ್ದದ್ದು ಉಪ್ಪು, ಸೀಮೆಎಣ್ಣೆ, ಬಟ್ಟೆ, ಅಷ್ಟೇ. ಗದ್ದೆಯಲ್ಲಿ ಭತ್ತ, ಮರಕ್ಕೆ ಮೆಣಸಿನ ಬಳ್ಳಿ, ಕಾಡಲ್ಲಿ ಕಣಿಲೆ (ಎಳೆ ಬಿದಿರು), ಹಿತ್ತಿಲಲ್ಲಿ ಹಂದಿ ಕೋಳಿ. ಈಗಂತೂ ಕಾಫಿಗೆ ಚಿನ್ನದ ಬೆಲೆ. 2024ರಲ್ಲಿ ರೊಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) 50 ಕೆಜಿ ಚೀಲಕ್ಕೆ ಹತ್ತು ಸಾವಿರ ದಾಟಿತು. ಗಂಟು ಮೂಟೆ ಕಟ್ಟಿ ಊರಿಗೆ ಹೋಗಿ. ಮಕ್ಕಳಿಗೆ ಕನ್ನಡವೂ ಬರುತ್ತದೆ, ಮರ್ಯಾದೆಯೂ ಬರುತ್ತದೆ. ನನ್ನ ಮಗನಿಗೆ ಇಪ್ಪತ್ತೆರಡು, ಕುಟುಂಬದ ಹಿರಿಯರ ಮನೆಯಾದ ಐನ್‌ಮನೆಯ ದಾರಿ ಗೊತ್ತಿಲ್ಲ.

ಪಾಲಿಬೆಟ್ಟ, ಊರಲ್ಲೇ ಇರುವವ:
ಅಣ್ಣ, ತಾತನ ಕಾಲ ಸರಿ, ಈಗಿನದು ಕೇಳಿ. ನಮ್ಮ ಕಡೆ ಎಷ್ಟೋ ಗದ್ದೆ ಪಾಳು ಬಿದ್ದಿದೆ. ನಾಟಿಗೆ ಆಳಿಲ್ಲ, ಬೆಳೆದರೆ ಆನೆ ಬಿಡಲ್ಲ. ತೋಟ ಇಟ್ಟುಕೊಂಡಿರೋ ನಾನೇ ಅಕ್ಕಿಯನ್ನು ಅಂಗಡಿಯಿಂದ ತರುತ್ತೇನೆ. ಬೆಲೆ ಇವತ್ತು ಚೆನ್ನಾಗಿದೆ, ಒಪ್ಪಿದೆ. 2001, 2002ರಲ್ಲಿ ರೇಟು ಬಿದ್ದಾಗ ಕುಯ್ದ ಕೂಲಿಯೂ ಹುಟ್ಟದೆ ತೋಟ ಮಾರಿದವರ ಮನೆ ನಮ್ಮ ಪಕ್ಕದಲ್ಲೇ ಇದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿ ತೋಟವೇ ಹೋಯಿತು, ಅವರೂ ಸ್ವಾವಲಂಬಿಗಳೇ ಆಗಿದ್ದರು. ಹೊಸ ಗಿಡ ನೆಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ. ಇನ್ನೊಂದು, ಎನ್‌ಆರ್‌ಐ ಆಗಿದ್ದಾಗ ಅಥವಾ ಓಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರ ಕಾರ್ಡ್) ಇಟ್ಟುಕೊಂಡು ತೋಟ, ಗದ್ದೆ ಕೊಂಡುಕೊಳ್ಳೋ ಹಾಗಿಲ್ಲ. ಹಿರಿಯರಿಂದ ಬಂದರೆ ಸರಿ.

ಸುಂಟಿಕೊಪ್ಪ, ಈಗ ಲಂಡನ್:
ಆನೆ ಆಗಲೂ ಇತ್ತು. ಜನಕ್ಕೆ ಮೈ ಬಗ್ಗಲ್ಲ, ಅದು ಹೇಳಿ.

ಪಾಲಿಬೆಟ್ಟ, ಊರಲ್ಲೇ ಇರುವವ:
ಆಗ ಆನೆ ಕಾಡಲ್ಲಿತ್ತು. ಈಗ ಬೆಳಿಗ್ಗೆ ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಬಿಡೋಕೂ ತೋಟದೊಳಗೆ ಆನೆ ಇದೆಯಾ ಅಂತ ಫೋನ್ ಮಾಡಿ ಕೇಳಬೇಕು.

ಮಡಿಕೇರಿ, ಈಗ ಮೆಲ್ಬರ್ನ್:
ಇಬ್ಬರೂ ಸ್ವಲ್ಪ ನಿಲ್ಲಿಸಿ, ಮಕ್ಕಳ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನನ್ನ ಮಗಳು ಹತ್ತು ವರ್ಷಕ್ಕೇ ಅಕ್ಕಿ ರೊಟ್ಟಿ ತಟ್ಟುತ್ತಾಳೆ, ಕಡಂಬುಟ್ಟೂ (ಅಕ್ಕಿ ತರಿಯ ಕಡುಬು) ಕಟ್ಟುತ್ತಾಳೆ, ನೋಡಿದವರು ಆಶ್ಚರ್ಯ ಪಡುತ್ತಾರೆ. ನಿಮ್ಮ ಮಗಳಿಗೂ ಅಡುಗೆ ಕಲಿಸಿ. ಹೊರಗೆ ತಿನ್ನೋ ಚಟ ಬಿಟ್ಟರೆ ಅರ್ಧ ಕಷ್ಟ ಕಳೆಯಿತು. ಮತ್ತೆ ಅವಳಿಂದ ಮುಚ್ಚಿಡಬೇಡಿ. ಮಕ್ಕಳು ಗೋಡೆ ಆಚೆಯಿಂದ ಎಲ್ಲ ಕೇಳಿಸಿಕೊಂಡಿರುತ್ತಾರೆ. ‘ಅಪ್ಪನ ಕೆಲಸ ಹೋಗಬಹುದು, ಹೋದರೆ ಹೀಗೆ ಮಾಡ್ತೀವಿ’ ಅಂತ ನೇರ ಹೇಳಿ. ಈ ತಿಂಗಳ ಮನೆ ಖರ್ಚು ಬರೆಯೋ ಕೆಲಸ ಅವಳಿಗೇ ಕೊಡಿ.

ಗೋಣಿಕೊಪ್ಪ, ಈಗ ಡಲ್ಲಾಸ್:
ಎಲ್ಲರಿಗೂ ಥ್ಯಾಂಕ್ಸ್. ಲಂಡನ್ ಅಣ್ಣ, ನಮ್ಮ ಮಾವನ ತೋಟ ನಾಲ್ಕು ಜನ ಅಣ್ಣತಮ್ಮಂದಿರದು, ಭಾಗ ಆಗಿಲ್ಲ. ನಾವು ಹೋಗಿ ನಿಂತರೆ ಅಲ್ಲಿ ಹೊಸ ಜಗಳ ಶುರುವಾಗುತ್ತದೆ. ಸಿಯಾಟಲ್ ಅಣ್ಣ, ಇನ್ಶೂರೆನ್ಸ್ ಒಂದು ಬಿಟ್ಟುಹೋಯಿತು. ಮಗನಿಗೆ ಆಸ್ತಮಾ ಇದೆ, ಇನ್‌ಹೇಲರ್ ನಿಲ್ಲಿಸೋ ಹಾಗಿಲ್ಲ.

ವಿರಾಜಪೇಟೆ, ಈಗ ಸಿಯಾಟಲ್:
ಕೋಬ್ರಾ ಅಂತ ಒಂದು ಕಾನೂನು ಇದೆ. ಕಂಪನಿಯಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ ಅದೇ ಇನ್ಶೂರೆನ್ಸ್ ಪ್ಲಾನ್ ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಬಹುದು. ಆದರೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ನೀವೇ ಕಟ್ಟಬೇಕು, ಮೊತ್ತ ನೋಡಿ ಗಾಬರಿ ಆಗಬೇಡಿ. ಬೇಕು ಅಂತ ಹೇಳೋಕೆ ಕನಿಷ್ಠ 60 ದಿನ ಸಿಗುತ್ತದೆ. ಕಟ್ಟಿದರೆ ಹಿಂದಿನ ದಿನಾಂಕದಿಂದಲೇ ಲೆಕ್ಕ. ಮಾರ್ಕೆಟ್‌ಪ್ಲೇಸ್ (ಸರ್ಕಾರ ನಡೆಸೋ ಇನ್ಶೂರೆನ್ಸ್ ತಾಣ) ಪ್ಲಾನಿನ ರೇಟೂ ಅದೇ ವಾರ ನೋಡಿ. ಇವತ್ತೇ ಡಾಕ್ಟರ ಹತ್ತಿರ 90 ದಿನದ ಇನ್‌ಹೇಲರ್ ಬರೆಸಿಕೊಳ್ಳಿ. ಹಲ್ಲು, ಕಣ್ಣು, ಲಸಿಕೆ ಏನಾದರೂ ಬಾಕಿ ಇದ್ದರೆ ಈ ತಿಂಗಳೇ ಮುಗಿಸಿ.

ಸುಂಟಿಕೊಪ್ಪ, ಈಗ ಲಂಡನ್:
ಇನ್ಶೂರೆನ್ಸು ಗಿನ್ಶೂರೆನ್ಸು ಎಲ್ಲ ಹೆದರಿಸೋ ದಂಧೆ. ಊರಿನ ಗಾಳಿ ಕುಡಿದರೆ ಆಸ್ತಮಾ ತಾನೇ ಹೋಗುತ್ತದೆ. ಭೂಮಿ ತಾಯಿ ಯಾರನ್ನೂ ಕೈಬಿಡಲ್ಲ, ಬರೆದಿಟ್ಟುಕೊಳ್ಳಿ.

ಸೋಮವಾರಪೇಟೆ, ಈಗ ನ್ಯೂಜೆರ್ಸಿ:
ಜುಲೈ ತಿಂಗಳ ನಮ್ಮೂರಿನ ಥಂಡಿಗೆ ಆಸ್ತಮಾ ಹೋಗುತ್ತಾ? ತಂಗಿ, ಇದನ್ನು ಮಾತ್ರ ಕೇಳಬೇಡ, ಇನ್‌ಹೇಲರ್ ತಗೋ.

ಪಾಲಿಬೆಟ್ಟ, ಊರಲ್ಲೇ ಇರುವವ:
ಲಂಡನ್ ಅಣ್ಣ, ಡಿಸೆಂಬರಿನಲ್ಲಿ ಕಾಫಿ ಕುಯ್ಲು ಶುರು. ನನಗೆ ಆಳು ಸಾಲಲ್ಲ. ಮೊದಲು ನೀವು ಬನ್ನಿ, ರೂಮು ಖಾಲಿ ಇದೆ.