ಜ್ವರ ಮೊದಲೋ, ಗುಳ್ಳೆ ಮೊದಲೋ?

ಎಲ್ಲರಿಗೂ ನಮಸ್ಕಾರ. ಆಗಸ್ಟಿನಲ್ಲಿ 11 ತಿಂಗಳ ಮಗುವನ್ನು ಕರೆದುಕೊಂಡು ಜಮಖಂಡಿಗೆ ಹೊರಟಿರುವ ತಂಗಿ ಮೊನ್ನೆ ಕೇಳಿದ್ದಳು: ಊರಲ್ಲಿ ಜ್ವರ ಬಂದು ಮೈಮೇಲೆ ಗುಳ್ಳೆ ಎದ್ದರೆ ಏನು ಮಾಡೋದು ಅಂತ. ಎರಡು ವರ್ಷದ ಹಿಂದೆ ನನಗೂ ಹೀಗೇ ಆಗಿತ್ತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಇಂಗ್ಲೆಂಡಿನಲ್ಲಿ ಇಬ್ಬರು ಮಕ್ಕಳನ್ನು ಬೆಳೆಸುತ್ತಿರುವ ತಾಯಿ.

ನನ್ನ ತವರು ಬಾಗಲಕೋಟೆಯ ನವನಗರ. ಮಗಳಿಗೆ ಆಗ 14 ತಿಂಗಳು. ಊರಿಗೆ ಹೋಗಿ ವಾರಕ್ಕೇ ಜ್ವರ. ಮೂರು ದಿನ 103 ಡಿಗ್ರಿ ಮುಟ್ಟುತ್ತಿತ್ತು. ಔಷಧಿ ಕೊಟ್ಟರೆ ಇಳಿಯುತ್ತಿತ್ತು, ಎದ್ದು ಪಾತ್ರೆ ಬಡಿದು ಆಡುತ್ತಿದ್ದಳು. ನಾಲ್ಕನೇ ದಿನ ಮೈ ತಣ್ಣಗಾಯಿತು. ಸಂಜೆ ಅಂಗಿ ಬದಲಿಸುವಾಗ ಅವ್ವ ಬೆನ್ನ ಮೇಲೆ ಕೈಯಾಡಿಸಿ ತಟ್ಟನೆ ನಿಂತಳು. "ಕೈಗೆ ತರಿ ತರಿ ಹತ್ತತೈತಿ. ಗೊಬ್ರ ಬಂದಾವೇನ ನೋಡು." ಗೊಬ್ರ ಅಂದರೆ ನಮ್ಮ ಕಡೆ ದಡಾರ, ಮೀಸಲ್ಸ್.

ನನಗೆ ಏನೂ ಕಾಣಲಿಲ್ಲ. ಕಿಟಕಿ ಹತ್ತಿರ ಒಯ್ದ ಮೇಲೆ ಎದೆ, ಬೆನ್ನಿನ ತುಂಬ ಸಣ್ಣ ಸಣ್ಣ ಗುಳ್ಳೆ ಕಂಡವು. ಇದನ್ನು ಒತ್ತಿ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಕೊಡುವ ಕರಪತ್ರಗಳಲ್ಲಿ 'ಕೆಂಪು ದದ್ದು' ಅಂತ ಇರುತ್ತದೆ, ಚಿತ್ರಗಳೂ ಬಹುಪಾಲು ಬಿಳಿಯ ಮಕ್ಕಳದ್ದೇ. ನಮ್ಮ ಮಕ್ಕಳ ಮೈಬಣ್ಣದ ಮೇಲೆ ಅದು ಕೆಂಪಾಗಿ ಕಾಣದೇ ಇರಬಹುದು. ಸುತ್ತಲಿಗಿಂತ ಸ್ವಲ್ಪ ಕಪ್ಪಾಗಿಯೋ ನೇರಳೆಯಾಗಿಯೋ ಕಾಣುತ್ತದೆ ಅಷ್ಟೆ. ಹಗಲು ಬೆಳಕಿನಲ್ಲಿ ನೋಡಿ. ಅವ್ವನ ಹಾಗೆ ಅಂಗೈಯಿಂದ ಸವರಿಯೂ ನೋಡಿ.

ಮಕ್ಕಳ ಡಾಕ್ಟರ್ ಹತ್ತಿರ ಓಡಿದೆವು. ಅವರು ಥರ್ಮಾಮೀಟರ್ ಲೆಕ್ಕ ಕೇಳಲೇ ಇಲ್ಲ. "ಮೊದ್ಲ ಜ್ವರ ಬಂತೋ, ಗುಳ್ಳಿ ಬಂದ್ವೋ? ಎಲ್ಲಿಂದ ಸುರು ಆದ್ವು? ಗುಳ್ಳಿ ಎದ್ದ ಮ್ಯಾಲೂ ಜ್ವರ ಐತೇನ್ರಿ?" ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ರೋಗ ತಿಳಿದ ಹಾಗೆ ಅಂದರು. ದಡಾರದಲ್ಲಿ ಮೊದಲು ಜ್ವರ, ಕೆಮ್ಮು, ನೆಗಡಿ, ಕೆಂಪು ಕಣ್ಣು. ಮೂರರಿಂದ ಐದು ದಿನದಲ್ಲಿ ಕಿವಿ ಹಿಂದೆ, ಹಣೆಯ ಮೇಲೆ ಗುಳ್ಳೆ ಶುರುವಾಗಿ ಕೆಳಗೆ ಇಳಿಯುತ್ತವೆ. ಆಗ ಜ್ವರ ಇನ್ನೂ ಏರುತ್ತದೆ. ನನ್ನ ಮಗಳದ್ದು ತಿರುಗಾಮುರುಗಾ: ಜ್ವರ ಬಿಟ್ಟ ಮೇಲೆ ಎದೆ, ಬೆನ್ನಿನಿಂದ ಶುರು. ಇದು ರೋಸಿಯೋಲಾ ಅಂದರು. ಆರು ತಿಂಗಳಿಂದ ಎರಡು ವರ್ಷದ ಮಕ್ಕಳಲ್ಲಿ ಸಾಮಾನ್ಯ, ತಾನಾಗಿ ಹೋಗುತ್ತದೆ.

ಆದರೂ ರಕ್ತ ಪರೀಕ್ಷೆ ಮಾಡಿಸಿದರು. ಮಳೆಗಾಲ, ಮನೆ ಮನೆಯಲ್ಲೂ ನೀರು ತುಂಬಿಟ್ಟ ಬ್ಯಾರಲ್, ಡೆಂಗಿ ಕಾಲ. ಡೆಂಗಿಯಲ್ಲೂ ಜ್ವರ ಇಳಿದು ಮೈಮೇಲೆ ಗುಳ್ಳೆ ಏಳಬಹುದು. ಆದರೆ ಅಲ್ಲಿ ಅಪಾಯ ಶುರುವಾಗೋದೇ ಜ್ವರ ಇಳಿದಾಗ, ಸುಮಾರು ಮೂರರಿಂದ ಏಳನೇ ದಿನದೊಳಗೆ. ಹೊಟ್ಟೆನೋವು, ಬಿಡದ ವಾಂತಿ, ವಸಡಲ್ಲಿ ರಕ್ತ, ಕೈಕಾಲು ತಣ್ಣಗೆ, ಮಗು ಸುಸ್ತಾಗಿ ಬಿದ್ದುಕೊಳ್ಳೋದು ಕಂಡರೆ ಕಾಯಬೇಡಿ. ಜ್ವರ ಬಿಟ್ಟಿತು ಅಂತ ಮುಂದಿನ ಎರಡು ದಿನ ಮೈಮರೆಯಬೇಡಿ. ಮಗು ಕುಡಿಯುತ್ತಿದೆಯಾ, ಉಚ್ಚೆ ಹೊಯ್ಯುತ್ತಿದೆಯಾ, ಆಡುತ್ತಿದೆಯಾ, ಅದನ್ನು ನೋಡಿ. ಡೆಂಗಿ ಅನುಮಾನ ಇದ್ದಾಗ ಐಬುಪ್ರೊಫೇನ್ ಬೇಡ, ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ.

ಪ್ಯಾರಾಸಿಟಮಾಲ್ ವಿಷಯದಲ್ಲಿ ನಾನು ತಪ್ಪು ಮಾಡುವುದರಲ್ಲಿದ್ದೆ. ಇಂಗ್ಲೆಂಡಿನ ಚಿಕ್ಕ ಮಕ್ಕಳ ಸಿರಪ್‌ನಲ್ಲಿ 5 ಮಿಲಿಗೆ 120 ಮಿಲಿಗ್ರಾಂ ಇರುತ್ತದೆ. ಅಮೆರಿಕದಲ್ಲಿ 160. ಊರಲ್ಲಿ ಅಂಗಡಿಯವರು ಕೊಟ್ಟದ್ದು 250ರ ಬಾಟಲಿ. ರೂಢಿಯಂತೆ 5 ಮಿಲಿ ಹಾಕಿದ್ದರೆ ದುಪ್ಪಟ್ಟಿಗಿಂತ ಜಾಸ್ತಿ ಆಗುತ್ತಿತ್ತು. ಡ್ರಾಪ್ಸ್ ಇನ್ನೂ ಗಟ್ಟಿ, 1 ಮಿಲಿಗೇ 100 ಮಿಲಿಗ್ರಾಂ. ಮಗುವಿನ ತೂಕ ಗೊತ್ತಿಟ್ಟುಕೊಳ್ಳಿ. ಕೆಜಿಗೆ 15 ಮಿಲಿಗ್ರಾಂ, 10 ಕೆಜಿ ಮಗುವಿಗೆ 150. ಅಂದರೆ 250ರ ಬಾಟಲಿಯಲ್ಲಿ 3 ಮಿಲಿ ಸಾಕು. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ದಾಟಬಾರದು. ಡಾಕ್ಟರ್ ಹತ್ತಿರ ಒಮ್ಮೆ ಖಚಿತ ಮಾಡಿಕೊಳ್ಳಿ.

ಅವ್ವನ ಬೇವಿನ ತಪ್ಪಲಕ್ಕೆ ನಾನು ಬೇಡ ಅನ್ನಲಿಲ್ಲ. ತೊಟ್ಟಿಲಿಗೆ ಕಟ್ಟಿದಳು, ಮನೆಯಲ್ಲಿ ಒಗ್ಗರಣೆ ಹಾಕಲಿಲ್ಲ. ಅದರಿಂದ ಮಗುವಿಗೆ ತೊಂದರೆ ಏನಿಲ್ಲ. ಆದರೆ 'ತಾಯಿ ಬಂದಾಳ, ಔಷಧಿ ಕೊಡಬಾರದು' ಅನ್ನುವ ಮಾತಿಗೆ ಮಾತ್ರ ತಲೆಯಾಡಿಸಬೇಡಿ. ನಿಜವಾದ ದಡಾರವಾದರೆ ನ್ಯುಮೋನಿಯಾ ಆಗಬಹುದು. ಎರಡು ದಿನ ವಿಟಮಿನ್ ಎ ಕೊಡುತ್ತಾರೆ, ಅದು ಕಣ್ಣನ್ನೂ ಜೀವವನ್ನೂ ಉಳಿಸುತ್ತದೆ. ಎದೆಹಾಲು, ಗಂಜಿ, ನೀರು ನಿಲ್ಲಿಸಬಾರದು. ಹಿರಿಯರಿಗೆ ಮೆತ್ತಗೆ ಹೇಳಿ, ಕೇಳುತ್ತಾರೆ. ನಮ್ಮವ್ವ ಕೇಳಿದಳು.

ಇನ್ನು ರಾತ್ರಿಯಾದರೂ ಓಡಬೇಕಾದ ಸಂದರ್ಭಗಳು. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಬಂದರೆ. ಉಸಿರಾಟಕ್ಕೆ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ. ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ. ಗಾಜಿನ ಲೋಟವನ್ನು ಮಚ್ಚೆಯ ಮೇಲೆ ಒತ್ತಿ ಹಿಡಿದರೂ ಅದು ಮಾಸದಿದ್ದರೆ. ಕೊನೆಯದು ರಕ್ತಕ್ಕೆ ಸೋಂಕು ತಗುಲಿದ್ದರ ಗುರುತಾಗಿರಬಹುದು, ಗಂಟೆಗಳ ಲೆಕ್ಕ. ಮೈ ಬಣ್ಣ ಕಪ್ಪಿದ್ದರೆ ಅಂಗೈ, ಅಂಗಾಲು, ಕಣ್ಣ ರೆಪ್ಪೆಯ ಒಳಗೆ ನೋಡಿ. ಮಚ್ಚೆ ಮಾಸುತ್ತದೆ, ಆದರೂ ಮಗು ಜೋಲು ಬಿದ್ದಿದೆ ಅಂದರೂ ಹೊರಡಿ. ಜ್ವರ ಐದು ದಿನ ದಾಟಿ, ತುಟಿ ಒಡೆದು, ಕಣ್ಣು ಕೆಂಪಾಗಿದ್ದರೆ ಕವಾಸಾಕಿ ರೋಗವೂ ಇರಬಹುದು. ಹೃದಯಕ್ಕೆ ಸಂಬಂಧಿಸಿದ್ದು, ತಡ ಮಾಡಬಾರದು.

ತಂಗಿ, ಇನ್ನು ನೀನು ಹೊರಡುವ ಮುಂಚಿನ ಮಾತು. ಭಾರತದಲ್ಲಿ ದಡಾರದ ಮೊದಲ ಲಸಿಕೆ 9 ತಿಂಗಳಿಗೇ ಆಗುತ್ತದೆ. ನಾವಿರುವ ಇಂಗ್ಲೆಂಡ್, ಅಮೆರಿಕದಂಥ ಕಡೆ ವರ್ಷ ತುಂಬಬೇಕು. ಅಂದರೆ ನಿನ್ನ ಮಗು ಲಸಿಕೆ ಇಲ್ಲದೆ ಹೋಗುತ್ತದೆ. ಪ್ರಯಾಣ ಇದ್ದರೆ 6 ತಿಂಗಳ ಮೇಲೆ ಒಂದು ಡೋಸ್ ಮುಂಚಿತವಾಗಿ ಕೊಡುತ್ತಾರೆ, ಇವತ್ತೇ ಫೋನ್ ಮಾಡಿ ಕೇಳು. ಹೊರಡುವ ಎರಡು ವಾರ ಮೊದಲೇ ಆಗಲಿ. ವರ್ಷ ತುಂಬಿದ ಮೇಲಿನ ಎರಡು ಡೋಸ್ ಹಾಗೇ ಕೊಡಿಸಬೇಕು, ಇದು ಆ ಲೆಕ್ಕಕ್ಕೆ ಬರೋದಿಲ್ಲ.

ವಾಪಸ್ ಬಂದ ಮೂರು ವಾರದೊಳಗೆ ಮಗುವಿಗೆ ಜ್ವರ ಬಂದರೆ ಡಾಕ್ಟರಿಗೆ ಮೊದಲ ಮಾತೇ 'ಭಾರತದಿಂದ ಬಂದಿದ್ದೇವೆ' ಅಂತಿರಲಿ. ಹಳ್ಳಿಯಲ್ಲಿ ದನ, ನಾಯಿ ಇದ್ದ ಮನೆಯಲ್ಲಿದ್ದರೆ ಅದನ್ನೂ ಹೇಳು. ಉಣ್ಣಿ ಕಚ್ಚಿ ಬರುವ ಜ್ವರದಲ್ಲಿ ಅಂಗೈ, ಅಂಗಾಲಿಗೂ ಗುಳ್ಳೆ ಬರುತ್ತವೆ. ಇಲ್ಲಿಯ ಡಾಕ್ಟರಿಗೆ ಅದು ತಟ್ಟನೆ ಹೊಳೆಯೋದಿಲ್ಲ. ದಡಾರದ ಅನುಮಾನ ಇದ್ದರೆ ಫೋನ್ ಮಾಡಿಯೇ ಹೋಗು. ಕಾಯುವ ಕೋಣೆಯಲ್ಲಿ ಲಸಿಕೆ ಆಗದ ಬೇರೆ ಕೂಸುಗಳೂ ಇರುತ್ತವೆ.