'ನಿಲುಗಡೆ ನಿಷೇಧ' ಅಂದ್ರೆ ಪಾರ್ಕ್ ಮಾಡಬಾರದು ಅಂತಲೋ, ನಿಲ್ಲಿಸಲೇಬಾರದು ಅಂತಲೋ?

ಎಲ್ಲರಿಗೂ ನಮಸ್ಕಾರ,

ಒಂದು ಪದದ ಬಗ್ಗೆ ಕೇಳೋದಿತ್ತು, ಗಾಡಿ ಓಡಿಸೋರಿಗೆ ತಕ್ಷಣ ಗೊತ್ತಾಗತ್ತೆ. ರಸ್ತೆ ಪಕ್ಕದಲ್ಲಿ ದುಂಡಗಿನ ನೀಲಿ ಬೋರ್ಡು ಇರತ್ತಲ್ಲ, ಸುತ್ತ ಕೆಂಪು ಅಂಚಿಂದು, ಅದರಲ್ಲಿ ಎರಡು ಥರ ಇದೆ. ಒಂದರಲ್ಲಿ ಓರೆಯಾಗಿ ಒಂದೇ ಕೆಂಪು ಗೆರೆ, ಇನ್ನೊಂದರಲ್ಲಿ ಎರಡು ಗೆರೆ ಸೇರಿ ಇಂಟು ಮಾರ್ಕು. ಒಂದು ಗೆರೆ ಇದ್ರೆ ನೋ ಪಾರ್ಕಿಂಗ್, ಇಂಟು ಇದ್ರೆ ನೋ ಸ್ಟಾಪಿಂಗ್. ಬೋರ್ಡು ಸ್ವಲ್ಪ ಬಣ್ಣ ಹೋಗಿ ಮೇಲೊಂದು ಟ್ಯೂಷನ್ ಪಾಂಪ್ಲೆಟ್ ಅಂಟಿಸಿದ್ರೆ ಎರಡೂ ಒಂದೇ ಥರ ಕಾಣತ್ತೆ, ಅದು ಬೇರೆ ಮಾತು.

ವ್ಯತ್ಯಾಸ ಸಣ್ಣದಲ್ಲ. ರಸ್ತೆ ಸಂಚಾರದ ಬಗ್ಗೆ ದೇಶದೇಶಗಳು ಮಾಡ್ಕೊಂಡ 1968ರ ವಿಯೆನ್ನಾ ಒಪ್ಪಂದದಲ್ಲಿ ಇದನ್ನ ಬಿಡಿಸಿ ಹೇಳಿದಾರೆ, ಜನ ಹತ್ತಿ ಇಳಿಯೋಕೆ ಅಥವಾ ಸಾಮಾನು ಏರಿಸಿ ಇಳಿಸೋಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮಾತ್ರ ನಿಂತ ಗಾಡಿ ಒಂದು ಲೆಕ್ಕ, ಅದಕ್ಕಿಂತ ಜಾಸ್ತಿ ನಿಂತ್ರೆ ಅದು ಪಾರ್ಕಿಂಗ್, ಸಿಗ್ನಲ್‌ನಲ್ಲೋ ಎದುರಿಗೆ ಏನೋ ಅಡ್ಡ ಬಂದೋ ನಿಂತಿದ್ದು ಈ ಎರಡರ ಲೆಕ್ಕಕ್ಕೂ ಬರಲ್ಲ. ಅಂದ್ರೆ ಒಂದು ಗೆರೆ ಇರೋ ಕಡೆ ಅಜ್ಜಿನ ಇಳಿಸಿ ಹೊರಟುಬಿಡಬಹುದು, ಇಂಟು ಇರೋ ಕಡೆ ಅದೂ ಇಲ್ಲ.

ಈಗ ಇದನ್ನ ಕನ್ನಡದಲ್ಲಿ ಬರೆಯೋದು ಹೇಗೆ? ಪಾರ್ಕಿಂಗ್‌ಗೆ ನಾವು 'ವಾಹನ ನಿಲುಗಡೆ' ಅಂತ ಬರೀತೀವಿ, 'ವಾಹನ ನಿಲುಗಡೆ ನಿಷೇಧಿಸಿದೆ' ಅಂತ ಬೋರ್ಡು ಎಲ್ಲಾ ಕಡೆ ಇದೆ. ಆದ್ರೆ ಅದೇ ನಿಲುಗಡೆ ಅನ್ನೋ ಪದ ಬಸ್ಸು ರೈಲಿನ ವಿಷಯಕ್ಕೆ ಬಂದ್ರೆ ಪೂರ್ತಿ ಉಲ್ಟಾ. 'ಕೋರಿಕೆ ನಿಲುಗಡೆ' ಅಂದ್ರೆ ಬಸ್ಸು ಅಲ್ಲಿ ಪಾರ್ಕ್ ಆಗಲ್ಲ, ಕೈ ಅಡ್ಡ ಹಿಡಿದ್ರೆ ಅರೆ ಗಳಿಗೆ ನಿಂತು ಹೊರಡತ್ತೆ. ರೈಲಿಗೆ ಎರಡು ನಿಮಿಷದ ನಿಲುಗಡೆ ಅಂತೀವಿ. ಹಾಗಾದ್ರೆ 'ನಿಲುಗಡೆ' ಪದ ನ್ಯಾಯವಾಗಿ ಇಂಟು ಮಾರ್ಕಿನ ಬೋರ್ಡಿಗೆ ಸೇರಬೇಕಿತ್ತು ಅನ್ನೋದು ನನ್ನ ವಾದ, ಪಾರ್ಕಿಂಗಿನವರು ಮೊದಲೇ ಬಂದು ಎತ್ತಿಕೊಂಡು ಹೋಗಿಬಿಟ್ಟಿದಾರೆ. ಕೆಂಪು ಎಂಟು ಮೂಲೆಯ ಸ್ಟಾಪ್ ಬೋರ್ಡಿಗೆ 'ನಿಲ್ಲಿ' ಅನ್ನೋದನ್ನೂ ಸೇರಿಸಿದ್ರೆ ಮೂರು ಬೇರೆ ಬೇರೆ ನಿಯಮಕ್ಕೆ ಒಂದೇ ಧಾತು ಆಗೋಯ್ತು.

ತಮಾಷೆ ಏನಂದ್ರೆ ಆಡುಮಾತಲ್ಲಿ ಈ ಗೊಂದಲ ಇಲ್ಲವೇ ಇಲ್ಲ. 'ಗಾಡಿ ಎಲ್ಲಿ ಇಟ್ಟಿದ್ದೀಯಾ', 'ಗಾಡಿ ಹಾಕೋಕೆ ಜಾಗ ಇಲ್ಲ ಕಣೋ' ಅಂದ್ರೆ ಪಾರ್ಕಿಂಗೇ. 'ಇಲ್ಲೇ ಒಂಚೂರು ನಿಲ್ಸಿ ಸರ್' ಅಂತ ಆಟೋದವರಿಗೆ ಹೇಳಿದ್ರೆ ಪಾರ್ಕ್ ಮಾಡಿ ಅಂತ ಯಾರೂ ತಿಳ್ಕೊಳಲ್ಲ. ಕಂಡಕ್ಟರ್ ಅಂತೂ 'ಹೋಲ್ಡಾನ್' ಅಂತಾನೆ, 'ರೈಟ್' ಅಂತಾನೆ, ಕೆಲಸ ಮುಗೀತು. ಇಡು, ಹಾಕು, ನಿಲ್ಸು ಅಂತ ಬಾಯಲ್ಲಿ ಬೇರೆ ಬೇರೆ ಇದ್ರೂ ಬೋರ್ಡು ಬರೆಯೋವಾಗ ಮಾತ್ರ ಎಲ್ಲಾ ಸೇರಿ ನಿಲುಗಡೆ ಯಾಕಾಗತ್ತೋ.

ಇನ್ನೊಂದು ಇದರ ಜೊತೆಗೇ ಬರತ್ತೆ, 'ಸಮ ದಿನ' 'ಬೆಸ ದಿನ' ಬೋರ್ಡು. ರಸ್ತೆಯ ಒಂದು ಬದಿ ಒಂದಿನ, ಇನ್ನೊಂದು ಬದಿ ಮಾರನೇ ದಿನ ಪಾರ್ಕಿಂಗ್, ಸರಿ. ಆದ್ರೆ ದಿನ ಅಂದ್ರೆ ವಾರವೂ ಹೌದು ತಾರೀಖೂ ಹೌದು. ಊರಿಂದ ಬಂದ ನಮ್ಮ ಚಿಕ್ಕಪ್ಪ ಆ ಬೋರ್ಡಿನ ಮುಂದೆ ನಿಂತು ಸೋಮವಾರ ಸಮಾನೋ ಬೆಸಾನೋ ಅಂತ ಬೆರಳು ಮಡಚಿ ಎಣಿಸ್ತಿದ್ರು, ತಪ್ಪು ಅವರದ್ದಲ್ಲ. 'ಸಮ ತಾರೀಖು' ಅಂತ ಬರೆದ್ರೆ ಆಗಿಹೋಗ್ತಿತ್ತು. 31ರ ಮಾರನೇ ದಿನ 1, ಎರಡೂ ಬೆಸ, ಹಾಗಾಗಿ ಅವತ್ತು ಗಾಡಿ ಬದಿ ಬದಲಿಸೋ ಹಾಗಿಲ್ಲ ಅನ್ನೋದಂತೂ ಯಾವ ಪದ ಹಾಕಿದ್ರೂ ಬಗೆಹರಿಯಲ್ಲ ಬಿಡಿ.

ಕೇಳೋದು ಇಷ್ಟೇ. ಒಂದು ಗೆರೆಗೆ 'ಗಾಡಿ ಇಡಬೇಡಿ', ಇಂಟು ಮಾರ್ಕಿಗೆ 'ಗಾಡಿ ನಿಲ್ಲಿಸಲೇಬೇಡಿ' ಅಂತ ಬರೆದ್ರೆ ನಿಮ್ಮ ಊರಿನ ಕಡೆ ಸರಿಯಾಗಿ ತಿಳಿಯತ್ತಾ? 'ಇಡು' ಮೈಸೂರು ಬೆಂಗಳೂರು ಕಡೆಗೆ ಸಲೀಸು. ಧಾರವಾಡದ ಕಡೆಯವರು 'ಗಾಡಿ ಹಚ್ಚು' ಅಂದಾಗಲೂ, 'ನಿಂದರ್ಸು' ಅಂದಾಗಲೂ ಇದೇ ವ್ಯತ್ಯಾಸ ಇಟ್ಕೊಂಡಿರ್ತೀರಾ? ಮಂಗಳೂರು ಕಡೆಯವರೂ ಹೇಳಿ.

ವಂದನೆಗಳೊಂದಿಗೆ