ಮೂರು ಗಾಲಿಯ ಮಕ್ಕಳ ಗಾಡಿ: ಹೆಸರೇನು, ತಗ್ಗುದಿಣ್ಣೆಯ ದಾರಿಗೆ ಮಾತೇನು?

ಮಾನ್ಯರೆ,

ಒಂದು ವಸ್ತುವಿನ ಹೆಸರನ್ನೂ ಅದರ ಸುತ್ತಲಿನ ನಾಲ್ಕಾರು ಮಾತುಗಳನ್ನೂ ಕುರಿತು ತಮ್ಮೆಲ್ಲರ ಅಭಿಪ್ರಾಯ ಕೇಳಬೇಕಾಗಿದೆ. ಮಗುವನ್ನು ಕೂರಿಸಿ ಹಿಂದಿನಿಂದ ತಳ್ಳಿಕೊಂಡು ಹೋಗುವ, ಮುಂದೆ ಒಂದು ಹಿಂದೆ ಎರಡು ದೊಡ್ಡ ಗಾಲಿಗಳಿರುವ, ಕಲ್ಲುಮಣ್ಣಿನ ದಾರಿಗೆಂದೇ ಮಾಡಿದ ಗಾಡಿಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ ಹುಟ್ಟಿದ್ದು ಪುಸ್ತಕದಿಂದಲ್ಲ, ಅಂಗಡಿಯಲ್ಲಿ. ಸಾಗರ ತಾಲ್ಲೂಕಿನ ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಅರ್ಧ ಕಿಲೋಮೀಟರು ಜಂಬಿಟ್ಟಿಗೆ ಮಣ್ಣಿನ ದಾರಿ. ಮಳೆಗಾಲದಲ್ಲಿ ನೀರು ಹರಿದು ಬಿದ್ದ ಕೊರಕಲುಗಳು ಬೇಸಿಗೆಯವರೆಗೂ ಹಾಗೆಯೇ ಉಳಿಯುತ್ತವೆ. ಮಗಳು ತನ್ನ ಹತ್ತು ತಿಂಗಳ ಮಗನನ್ನು ಕರೆದುಕೊಂಡು ಎರಡು ತಿಂಗಳು ಇರಲು ಬರುತ್ತಾಳೆಂದು ತಿಳಿದಾಗ, ಸೊಂಟದ ಮೇಲೆ ಹೊತ್ತು ತಿರುಗುವ ವಯಸ್ಸು ನಮ್ಮದಲ್ಲವಾದ್ದರಿಂದ, ಪೇಟೆಗೆ ಹೋಗಿ ‘ಮೂರು ಗಾಲಿಯ ತಳ್ಳುಗಾಡಿ’ ಬೇಕೆಂದು ಕೇಳಿದೆ. ಅಂಗಡಿಯ ಹುಡುಗ ಪೆಡಲು ಇರುವ ಪ್ಲಾಸ್ಟಿಕ್ಕಿನ ಸೈಕಲ್ಲು ತಂದಿಟ್ಟ. ‘ಪ್ರ್ಯಾಮು’ ಎಂದು ತಿದ್ದಿಕೊಂಡ ಮೇಲೆ ನಾಲ್ಕು ಪುಟ್ಟ ಗಾಲಿಗಳದ್ದು ಬಂದಿತು. ಕೊನೆಗೆ ಮೊಬೈಲಿನಲ್ಲಿದ್ದ ಚಿತ್ರ ತೋರಿಸಿದಾಗ ಆತ, ‘ಜಾಗಿಂಗ್ ಸ್ಟ್ರೋಲರ್ ಅಂತ ಮೊದ್ಲೇ ಹೇಳ್ಬಾರ್ದಾ ಸಾರ್’ ಎಂದ. ಅರವತ್ತೆರಡು ದಾಟಿದ ನಾನು ಮೊಮ್ಮಗನನ್ನು ತಳ್ಳಿಕೊಂಡು ಜಾಗಿಂಗು ಮಾಡುತ್ತೇನೆಂದು ಅವನು ನಂಬಿದನೋ ಇಲ್ಲವೋ ತಿಳಿಯದು. ಈಗ ನಮ್ಮಂತಹ ಮನೆಗಳವರಿಗಾಗಿ, ಇಂತಹ ಗಾಡಿಯನ್ನು ಆರಿಸುವ ಬಗೆಯನ್ನು ವಿವರಿಸುವ ಸಣ್ಣ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಮೊದಲ ವಾಕ್ಯದಲ್ಲಿಯೇ ಲೇಖನಿ ನಿಂತಿದೆ.

ಇಂಗ್ಲಿಷಿನವರಿಗೂ ಈ ಹೆಸರು ಒಂದೇ ಏಟಿಗೆ ದೊರೆತದ್ದಲ್ಲ. ಪ್ರ್ಯಾಮು ಎಂಬುದು ‘ಪೆರಾಂಬುಲೇಟರ್’ ಎಂಬುದರ ಮೊಟಕು ರೂಪ. ಲ್ಯಾಟಿನ್ನಿನಲ್ಲಿ ಅದರ ಮೂಲದ ಅರ್ಥ ಸುತ್ತಾಡುವುದು. ಮಕ್ಕಳ ಗಾಡಿಗೆ ಅಂಟಿಕೊಳ್ಳುವ ಮೊದಲು ಅದೇ ಹೆಸರು ಭೂಮಾಪಕರು ದೂರ ಅಳೆಯಲು ಉರುಳಿಸಿಕೊಂಡು ಹೋಗುತ್ತಿದ್ದ ಒಂಟಿ ಚಕ್ರಕ್ಕೆ ಇತ್ತು. ಕಂಪನಿ ಸರಕಾರದ ಕಾಲದಲ್ಲಿ ನಮ್ಮ ದೇಶದ ದಾರಿಗಳನ್ನು ಅಳೆದದ್ದರಲ್ಲಿಯೂ ಅದರ ಪಾಲಿದೆ. ಮಗು ಮಲಗುವಂಥದ್ದು ಪ್ರ್ಯಾಮು, ಕೂರುವಂಥದ್ದು ಬ್ರಿಟನ್ನಿನಲ್ಲಿ ಪುಶ್‌ಚೇರು, ಅಮೆರಿಕದಲ್ಲಿ ಸ್ಟ್ರೋಲರು. ಸ್ಪಿಟ್‌ಫೈರ್ ಯುದ್ಧವಿಮಾನದ ಗಾಲಿಚೌಕಟ್ಟಿನ ಕೆಲಸ ಮಾಡಿದ್ದ ಓವೆನ್ ಮೆಕ್ಲಾರೆನ್ ಎಂಬ ಎಂಜಿನಿಯರು 1965ರಲ್ಲಿ ಕೊಡೆಯಂತೆ ಮಡಚುವ ಹಗುರ ಗಾಡಿಯನ್ನು ರೂಪಿಸಿದ ಮೇಲೆ ‘ಬಗ್ಗಿ’ ಎಂಬ ಮತ್ತೊಂದು ಹೆಸರು ಹಬ್ಬಿತು. ನಾನು ಕೇಳುತ್ತಿರುವ ಮೂರು ಗಾಲಿಯ ಬಗೆ ಇನ್ನೂ ಈಚಿನದು: ಅಮೆರಿಕದ ಯಾಕಿಮಾ ಊರಿನ ಫಿಲ್ ಬೇಕ್ಲರ್ ಎಂಬುವರು 1984ರಲ್ಲಿ, ಮಗನನ್ನು ಜೊತೆಗಿಟ್ಟುಕೊಂಡೇ ಓಡಬೇಕೆಂದು, ಮಕ್ಕಳ ಗಾಡಿಗೆ ಸೈಕಲ್ಲಿನ ಗಾಲಿಗಳನ್ನು ಜೋಡಿಸಿದರು. ಅಂಗಡಿಯ ಹುಡುಗನ ‘ಜಾಗಿಂಗ್’ ಬಂದದ್ದು ಅಲ್ಲಿಂದ. ಆದರೆ ಓಡುವುದು ಅದರ ಒಂದು ಬಳಕೆ ಮಾತ್ರ; ನಮಗೆ ಬೇಕಾದದ್ದು ದಾರಿಗೆ ಹೊಂದುವ ಗುಣ.

ಇನ್ನು ಕನ್ನಡಕ್ಕೆ ಬರುತ್ತೇನೆ. ‘ತಳ್ಳುಗಾಡಿ’ ಎಂಬುದು ರಚನೆಯಲ್ಲಿ ನಿರ್ದೋಷವಾದ ಮಾತು. ಬೀಸುಕಲ್ಲು, ತೂಗುತೊಟ್ಟಿಲು, ಕಡೆಗೋಲುಗಳ ಸಾಲಿಗೆ ಸೇರುತ್ತದೆ. ತೊಂದರೆಯೆಂದರೆ ಅದರ ಮೇಲೆ ಆಗಲೇ ಸೊಪ್ಪು ತರಕಾರಿ ಹೇರಿ ಆಗಿದೆ. ‘ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಬಂದರು’ ಎಂದು ಬರೆದರೆ, ಓದಿದವರ ಕಣ್ಣೆದುರು ಟೊಮೆಟೊ ರಾಶಿಯ ಪಕ್ಕದಲ್ಲಿ ಕುಳಿತ ಮಗು ಮೂಡುತ್ತದೆ. ‘ನೂಕುಗಾಡಿ’, ಕರಾವಳಿಯ ಬಾಯಿಯಲ್ಲಿ ‘ದೂಡುಗಾಡಿ’, ಇವೂ ಸಾಮಾನು ಸಾಗಿಸುವುದರ ಕಡೆಗೇ ವಾಲುತ್ತವೆ. ಜೊತೆಗೆ, ನನ್ನ ಕಿವಿಗೆ ನೂಕುವುದರಲ್ಲಿಯೂ ದಬ್ಬುವುದರಲ್ಲಿಯೂ ಸ್ವಲ್ಪ ಸಿಟ್ಟು ಕೇಳಿಸುತ್ತದೆ. ಮಗುವಿರುವ ಗಾಡಿಯನ್ನು ಯಾರೂ ದಬ್ಬುವುದಿಲ್ಲ.

‘ನಡೆಗಾಡಿ’ ಎಂದು ಒಬ್ಬ ಗೆಳೆಯರು ಸೂಚಿಸಿದರು. ಮಾತು ಸೊಗಸಾಗಿದೆ, ಮೂರು ಗಾಲಿಯೂ ಅದಕ್ಕಿದೆ. ಆದರೆ ನಮ್ಮ ಕಡೆ ಅದು ಬೇರೆಯದೇ ವಸ್ತು. ಆಗತಾನೇ ಎದ್ದು ನಿಲ್ಲುವ ಮಗು ಹಿಡಿದುಕೊಂಡು ತಾನೇ ತಳ್ಳುತ್ತ ಹೆಜ್ಜೆ ಕಲಿಯುವ ಮರದ ಗಾಡಿ ಅದು. ತಮಿಳಿನ ನಡೈವಂಡಿಯೂ ಅದೇ. ಅಲ್ಲಿ ಮಗು ತಳ್ಳುತ್ತದೆ, ಇಲ್ಲಿ ಮಗುವನ್ನು ತಳ್ಳಲಾಗುತ್ತದೆ. ಎರಡಕ್ಕೂ ಒಂದೇ ಹೆಸರು ಬಂದರೆ ನಮ್ಮಲ್ಲಿ ಇನ್ನೂ ಬದುಕಿರುವ ಒಂದು ಹಳೆಯ ಮಾತನ್ನು ನಾವೇ ಕೆಡಿಸಿದಂತಾಗುತ್ತದೆ.

ಯಾರು ಕೂರುತ್ತಾರೆ ಎಂಬುದರಿಂದ ಹೆಸರಿಡುವುದು ಇನ್ನೊಂದು ದಾರಿ. ಮರಾಠಿಯಲ್ಲಿ ‘ಬಾಬಾಗಾಡಿ’ ಎಂಬುದು ಚಾಲ್ತಿಯಲ್ಲಿರುವ ಮಾತು. ಜರ್ಮನರ ‘ಕಿಂಡರ್‌ವಾಗನ್’ ಕೂಡ ಮಕ್ಕಳ ಗಾಡಿಯೇ. ಅದೇ ಜಾಡಿನಲ್ಲಿ ‘ಕೂಸುಗಾಡಿ’ ಎನ್ನಬಹುದು. ಬೆನ್ನ ಮೇಲೆ ಹೊರುವುದಕ್ಕೆ ಕೂಸುಮರಿ ಎಂಬ ಮಾತಿದೆ, ಗ್ರಾಮ ಪಂಚಾಯಿತಿಗಳ ಶಿಶುಪಾಲನಾ ಕೇಂದ್ರಗಳಿಗೆ ಸರಕಾರವೇ ‘ಕೂಸಿನ ಮನೆ’ ಎಂದು ಹೆಸರಿಟ್ಟಿದೆ, ಆದ್ದರಿಂದ ಈ ಪದ ಎಲ್ಲರಿಗೂ ತಿಳಿಯುತ್ತದೆ. ನನ್ನ ಅಡಚಣೆ ಮನೆಯೊಳಗಿನದು. ಹವ್ಯಕರ ಮಾತಿನಲ್ಲಿ ಕೂಸು ಎಂದರೆ ಹೆಣ್ಣುಮಗು, ಗಂಡಾದರೆ ಮಾಣಿ. ಮಾಣಿಯ ಗಾಡಿಗೆ ಕೂಸುಗಾಡಿ ಎಂದು ಹೆಸರಿಟ್ಟದ್ದನ್ನು ಕೇಳಿ ನನ್ನಾಕೆಯೂ ಅವಳ ಅಕ್ಕನೂ ಒಂದು ಸಂಜೆಯೆಲ್ಲ ನಕ್ಕಿದ್ದಾರೆ. ಒಂದು ಸೀಮೆಯ ನಗುವಿಗಾಗಿ ನಾಡಿಗೆಲ್ಲ ಒಗ್ಗುವ ಪದವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ‘ಮಗುಗಾಡಿ’ಯಲ್ಲಿ ಈ ತೊಡಕಿಲ್ಲ, ಆದರೆ ನಾಲಿಗೆಗೆ ಅದು ಗು, ಗಾ ಎಂದು ಎರಡು ಬಾರಿ ಎಡವಿಸುತ್ತದೆ. ‘ಎಳೆಗಾಡಿ’ ಎಂಬ ಸಲಹೆಯೂ ಬಂದಿತ್ತು. ಎಳೆಯ ಮಕ್ಕಳ ಗಾಡಿ ಎಂಬ ಅರ್ಥದಲ್ಲಿ. ಹಳಗನ್ನಡದಲ್ಲಾದರೆ ಎಳೆತನದ್ದು ಳಕಾರ, ಎಳೆದೊಯ್ಯುವುದರದ್ದು ೞಕಾರವಾದ್ದರಿಂದ ಗೊಂದಲವಿರುತ್ತಿರಲಿಲ್ಲ. ೞಕಾರವನ್ನು ಕಳೆದುಕೊಂಡ ನಾವು, ತಳ್ಳುವ ಗಾಡಿಯನ್ನು ಎಳೆಯುವ ಗಾಡಿಯೆಂದು ಕರೆದಂತಾದೀತು.

ಈಗ ಗಾಲಿಯ ಲೆಕ್ಕ. ಇದನ್ನು ಹೆಸರಿನಲ್ಲಿ ತರಲೇಬೇಕೇ ಎಂದು ಕೆಲವರು ಕೇಳಬಹುದು. ತರಬೇಕೆಂದೇ ನನ್ನ ಎಣಿಕೆ, ಏಕೆಂದರೆ ಈ ವಸ್ತುವಿನ ಗುಣವೆಲ್ಲ ಅದರಲ್ಲಿದೆ. ಒಲೆಗೆ ಮೂರು ಗುಂಡು ಇಟ್ಟರೆ ನೆಲ ಹೇಗಿದ್ದರೂ ಪಾತ್ರೆ ಕುಣಿಯದು. ನಾಲ್ಕನೆಯದನ್ನು ಇಟ್ಟ ಕೂಡಲೇ ಯಾವುದೋ ಒಂದು ಗುಂಡು ಪಾತ್ರೆಗೆ ತಾಕದೆ ಉಳಿಯುತ್ತದೆ. ಮುಕ್ಕಾಲಿಯ ಕಥೆಯೂ ಇದೇ. ಗಡುಸು ಚೌಕಟ್ಟಿನ ನಾಲ್ಕು ಗಾಲಿಯ ಗಾಡಿ ಕೊರಕಲಿಗೆ ಇಳಿದಾಗ ಒಂದು ಗಾಲಿ ಗಾಳಿಯಲ್ಲಿ ನಿಂತು ಗಾಡಿ ಓಲಾಡುತ್ತದೆ, ಮೂರು ಗಾಲಿಯದು ಮೂರನ್ನೂ ನೆಲಕ್ಕೆ ಊರಿರುತ್ತದೆ. ಈ ಲಾಭಕ್ಕೆ ತೆರಬೇಕಾದ ಬೆಲೆಯೂ ಇದೆ: ಮುಂದಿನ ಎರಡು ಮೂಲೆಗಳಲ್ಲಿ ಆಸರೆ ಇಲ್ಲವಾದ್ದರಿಂದ, ಅಡ್ಡ ಇಳಿಜಾರಿನಲ್ಲಿ ರಭಸದಿಂದ ತಿರುಗಿಸಿದರೆ ಗಾಡಿ ಓರೆಯಾಗಿ ಮುಂದಕ್ಕೆ ಮಗುಚಬಹುದು. ಹಿಂದಿನ ಎರಡು ಗಾಲಿಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ಈ ಅಪಾಯ ಕಡಿಮೆ. ಆದರೆ ಅಂತರ ಹೆಚ್ಚಿದಷ್ಟೂ ಹಳೆಯ ಮನೆಗಳ ಕಿರುಬಾಗಿಲಲ್ಲಿ ಗಾಡಿ ತೂರುವುದಿಲ್ಲ. ನಾನು ಕೊಳ್ಳುವ ಮೊದಲು ಬಾಗಿಲನ್ನು ದಾರದಿಂದ ಅಳೆದುಕೊಂಡು ಹೋಗಿದ್ದೆ.

ಹೆಸರಿಗೆ ‘ತ್ರಿಚಕ್ರ’ ಎಂದು ಸೇರಿಸಿದರೆ ಅದು ಆಟೋರಿಕ್ಷಾಕ್ಕೂ ಅಂಗವಿಕಲರಿಗೆ ವಿತರಿಸುವ ವಾಹನಕ್ಕೂ ಮೀಸಲಾಗಿಬಿಟ್ಟಿದೆ. ಮುಕ್ಕಣ್ಣ, ಮುಮ್ಮಡಿಗಳ ಮಾದರಿಯಲ್ಲಿ ‘ಮುಗ್ಗಾಲಿ’ ಎಂದು ಕಟ್ಟಿ ನೋಡಿದೆ. ವ್ಯಾಕರಣ ಒಪ್ಪಿದರೂ ಕಿವಿಗೆ ಮುಗ್ಗರಿಸುವುದೇ ಕೇಳುತ್ತದೆ, ಮಕ್ಕಳ ಗಾಡಿಗೆ ಅದಕ್ಕಿಂತ ಅಪಶಕುನದ ಹೆಸರು ಬೇರೆ ಸಿಗಲಾರದು. ಸದ್ಯಕ್ಕೆ ‘ಮೂರು ಗಾಲಿಯ ಮಕ್ಕಳ ಗಾಡಿ’ ಎಂದು ಬಿಡಿಸಿಯೇ ಬರೆಯುತ್ತಿದ್ದೇನೆ, ಮಲಗಿಸುವ ಬಗೆಗೆ ‘ಗಾಲಿತೊಟ್ಟಿಲು’ ಎಂದು ಬಳಸಿದ್ದೇನೆ. ಗಾಲಿಕುರ್ಚಿ ಎಂಬ ಮಾತು ನಮ್ಮಲ್ಲಿ ನೆಲೆಯೂರಿರುವುದರಿಂದ ಗಾಲಿತೊಟ್ಟಿಲನ್ನು ಯಾರೂ ತಪ್ಪು ತಿಳಿಯುವುದಿಲ್ಲವೆಂಬ ಧೈರ್ಯವಿದೆ.

ಎರಡನೆಯ ತೊಡಕು ದಾರಿಯದು. ಈ ಗಾಡಿಗಳ ಡಬ್ಬಿಯ ಮೇಲಿನ ಇಂಗ್ಲಿಷನ್ನು ಯಾರೋ ‘ಒರಟು ಭೂಪ್ರದೇಶ’ ಎಂದು ಕನ್ನಡಿಸಿದ್ದನ್ನು ಕಂಡೆ. ಒರಟು ಎಂಬುದು ಕೈಯಿಂದ ಸವರಿ ತಿಳಿಯುವ ಗುಣ, ಇಲ್ಲವೇ ಮನುಷ್ಯರ ನಡತೆ; ಒರಟು ನೆಲವೆಂದರೆ ನಯಮಾಡದ ಗಾರೆ. ಭೂಪ್ರದೇಶವಂತೂ ನಕ್ಷೆಯಲ್ಲಿರುವಂಥದ್ದು, ಅದರ ಮೇಲೆ ಗಾಡಿ ಹೋಗುವುದಿಲ್ಲ. ನಮ್ಮ ಜನ ಒಟ್ಟಾರೆ ಹೆಸರಿಗಿಂತ ದಾರಿ ಯಾವ ಬಗೆಯಲ್ಲಿ ಕೆಟ್ಟಿದೆ ಎಂಬುದನ್ನು ಹೇಳುತ್ತಾರೆ: ಕೊರಕಲು, ತಗ್ಗುದಿಣ್ಣೆ, ಜಲ್ಲಿ, ಕೆಸರು, ಬಂಡಿಜಾಡು; ಕಲ್ಲುಮಿಶ್ರಿತ ಮಣ್ಣಿಗೆ ಬಡಗಣದವರು (ಉತ್ತರ ಕರ್ನಾಟಕದವರು) ಗರಸು ಎನ್ನುತ್ತಾರೆ, ನಮ್ಮ ಜಂಬಿಟ್ಟಿಗೆ ಕರಾವಳಿಯವರಿಗೆ ಮುರಕಲ್ಲು. ಆಯ್ಕೆಯ ದೃಷ್ಟಿಯಿಂದಲೂ ಈ ಬಿಡಿ ಮಾತುಗಳೇ ಉಪಯುಕ್ತ. ಜಲ್ಲಿಯ ಮೇಲೆ ಬೇಕಾದದ್ದು ಗಾಳಿ ತುಂಬಿದ ಟೈರು, ಏಕೆಂದರೆ ಗಡುಸು ಪ್ಲಾಸ್ಟಿಕ್ಕಿನ ಗಾಲಿ ಪ್ರತಿ ಕಲ್ಲಿನ ಕುಲುಕನ್ನೂ ಮಗುವಿನ ಬೆನ್ನಿಗೆ ದಾಟಿಸುತ್ತದೆ. ಪಶುವೈದ್ಯ ಜಾನ್ ಡನ್‌ಲಪ್ ಅವರು ಬೆಲ್‌ಫಾಸ್ಟಿನಲ್ಲಿ, 1888ರ ಪೇಟೆಂಟಿಗೆ ಮೊದಲು, ಗಾಳಿಯ ಟೈರನ್ನು ಕಟ್ಟಿದ್ದು ಮಗನ ಮೂರು ಗಾಲಿಯ ಸೈಕಲ್ಲಿಗಾಗಿಯೇ. ಕೊರಕಲಿಗೆ ಬೇಕಾದದ್ದು ಗಾಲಿಯ ಎತ್ತರ: ಆರು ಅಂಗುಲದ ಗಾಲಿ ಸಿಕ್ಕಿಕೊಳ್ಳುವ ಕುಳಿಯನ್ನು ಹನ್ನೆರಡು ಅಂಗುಲದ್ದು ಹತ್ತಿ ದಾಟುತ್ತದೆ. ಮುಳ್ಳಿರುವ ಕಡೆ ಪಂಕ್ಚರಿನ ಭಯವುಂಟು. ಆದರೆ ಹನ್ನೆರಡು ಅಂಗುಲವು ಚಿಕ್ಕ ಮಕ್ಕಳ ಸೈಕಲ್ಲಿನ ಅಳತೆಯೂ ಆಗಿರುವುದರಿಂದ ಊರಿನ ಸೈಕಲ್ ಅಂಗಡಿಯಲ್ಲಿ ಟ್ಯೂಬು ಸಿಕ್ಕಿತು. ಬರಹದಲ್ಲಿ ಒಟ್ಟು ಹೆಸರಾಗಿ ‘ತಗ್ಗುದಿಣ್ಣೆಯ ದಾರಿ’ ಎಂದು ಬಳಸಿದ್ದೇನೆ. ಇದರಲ್ಲಿ ಕೆಸರು ಸೇರುವುದಿಲ್ಲವೆಂಬ ಆಕ್ಷೇಪವನ್ನು ಒಪ್ಪುತ್ತೇನೆ.

ಮೂರನೆಯದು ನನಗೆ ನಿಜವಾಗಿ ತಲೆನೋವಾದದ್ದು. ಮುಂದಿನ ಗಾಲಿ ಎರಡು ಬಗೆಯಲ್ಲಿ ಚಲಿಸುತ್ತದೆ: ಇರಸಿನ (ಅಚ್ಚಿನ) ಸುತ್ತ ಉರುಳುತ್ತದೆ, ಜೊತೆಗೆ ಎಡಬಲಕ್ಕೆ ಮುಖ ಬದಲಿಸುತ್ತದೆ. ‘ತಿರುಗುತ್ತದೆ’ ಎಂಬ ಒಂದೇ ಮಾತು ಎರಡಕ್ಕೂ ಸಲ್ಲುವುದರಿಂದ, ‘ಗಾಲಿ ತಿರುಗದಂತೆ ಮಾಡಿ’ ಎಂದು ಬರೆದರೆ ಓದಿದವರು ಬ್ರೇಕು ಹಾಕಿ ಗಾಡಿಯನ್ನು ನಿಲ್ಲಿಸುತ್ತಾರೆ. ನಾನು ಹೇಳಬೇಕಾದದ್ದು ಅದಲ್ಲ. ಮಳಿಗೆಯ ನೆಲದಲ್ಲಿ, ಸಂತೆಯಲ್ಲಿ, ಮುಂದಿನ ಗಾಲಿ ಸಡಿಲವಾಗಿ ಹೊರಳಿದರೆ ಅನುಕೂಲ. ಕಲ್ಲಿನ ದಾರಿಯಲ್ಲಿ ಅಥವಾ ಇಳಿಜಾರಿನಲ್ಲಿ ಅದೇ ಗಾಲಿ ಒಂದು ಕಲ್ಲಿಗೆ ತಾಗಿ ಸರಕ್ಕನೆ ಅಡ್ಡಲಾದರೆ ಗಾಡಿ ಅಲ್ಲಿಯೇ ಮುಗ್ಗರಿಸುತ್ತದೆ, ಆದ್ದರಿಂದ ನೇರವಾಗಿ ನಿಲ್ಲುವಂತೆ ಅದನ್ನು ಬಿಗಿಯಬೇಕು. ಹೀಗೆ ಬಿಗಿಯಲು ಬರುವ ಗಾಡಿಯನ್ನೇ ಕೊಳ್ಳಬೇಕೆಂಬುದು ಇಡೀ ಬರಹದ ಮುಖ್ಯ ಮಾತು. ಉರುಳುವುದನ್ನೂ ಹೊರಳುವುದನ್ನೂ ಬೇರ್ಪಡಿಸಿ ‘ಹೊರಳುಗಾಲಿ’ ಎಂದು ಕರೆದಿದ್ದೇನೆ. ‘ಮುಂಗಾಲಿ’ ಎಂದು ಮೊದಲು ಬರೆದಿದ್ದೆ. ಚತುರ್ಥಿ ವಿಭಕ್ತಿ ಹಚ್ಚಿದಾಗ ಅದೂ ಮುಂಗಾಲೂ ಒಂದೇ ಆಗಿ, ‘ಮುಂಗಾಲಿಗೆ ಕೀಲು ಹಾಕಿ’ ಎಂಬುದು ದನಕ್ಕೆ ಲಾಳ ಕಟ್ಟುವ ಸೂಚನೆಯಂತೆ ತೋರಿತು. ಬಿಗಿಯುವ ಆ ಸಣ್ಣ ಸಾಧನಕ್ಕೆ ‘ಕೀಲು’ ಸಾಕೆ? ಬಡಗಣದಲ್ಲಿ ಕೀಲಿ ಎಂದರೆ ಬೀಗವೂ ಆಗುವುದರಿಂದ ಅಲ್ಲಿನವರಿಗೆ ಇದು ಇನ್ನೂ ಸಹಜವಾಗಿ ಕೇಳಬಹುದು.

ಉಳಿದ ಭಾಗಗಳಿಗೆ ಹೊಸ ಪದಗಳ ಅಗತ್ಯವೇ ಬೀಳಲಿಲ್ಲ, ಎತ್ತಿನ ಗಾಡಿಯೇ ಕೊಟ್ಟಿತು. ಮಗುವಿನ ತಲೆಯ ಮೇಲಿನ ಮಡಚುವ ಮರೆಗೆ ಕಮಾನು, ಗಾಲಿಗಳನ್ನು ಹಿಡಿಯುವ ದಂಡಕ್ಕೆ ಇರಸು, ಗಾಲಿ ಕಳಚದಂತೆ ತಡೆಯುವ ಕೀಲಿಗೆ ಕಡಾಣಿ. ವಚನಗಳ ‘ಕಡೆಗೀಲು’ ಇದೇ. ಗಾಡಿ ಕೈಜಾರದಂತೆ ತಳ್ಳುವವರು ಮಣಿಕಟ್ಟಿಗೆ ಸುತ್ತಿಕೊಳ್ಳುವುದು ಕೈಪಟ್ಟಿ, ಮಗುವನ್ನು ಭುಜ, ಸೊಂಟ, ತೊಡೆಸಂದಿಗಳಲ್ಲಿ ಹಿಡಿಯುವುದು ಐದು ಕಡೆಯ ಪಟ್ಟಿ. ಕತ್ತು ನಿಲ್ಲದ ಮಗುವನ್ನು ಇಂತಹ ದಾರಿಯಲ್ಲಿ ಕೂರಿಸಲೇಬಾರದೆಂಬುದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿಸುತ್ತಿದ್ದೇನೆ. ‘ಕತ್ತು ನಿಲ್ಲುವುದು’ ಎಂಬ ಬಾಣಂತಿಮನೆಯ ಮಾತಿಗಿಂತ ಸ್ಪಷ್ಟವಾದ ಬೇರೆ ಮಾತು ಅದಕ್ಕೆ ಬೇಕಿಲ್ಲವೆಂದು ನನ್ನ ಅಭಿಪ್ರಾಯ.

ಆದ್ದರಿಂದ ಬಲ್ಲವರಲ್ಲಿ ಕೇಳಿಕೊಳ್ಳುವುದಿಷ್ಟು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಇಂತಹ ಗಾಡಿಗಳನ್ನು ಬಳಸುವ ಮನೆಗಳಿದ್ದರೆ ಅಲ್ಲಿ ಅದನ್ನು ಏನೆಂದು ಕರೆಯುತ್ತಾರೆ? ಬೆಳಗಾವಿ ಕಡೆಯವರು ಬಾಬಾಗಾಡಿ ಎಂಬುದನ್ನು ಕನ್ನಡ ಆಡುವಾಗಲೂ ಬಳಸುತ್ತಾರೆಯೇ? ಹೊರಳುಗಾಲಿಗೆ ಬಡಗಿಗಳಾಗಲಿ, ಗ್ಯಾರೇಜಿನವರಾಗಲಿ ಆಗಲೇ ಬಳಸುತ್ತಿರುವ ಹೆಸರೇನಾದರೂ ಇದ್ದರೆ ನನ್ನದನ್ನು ಹೊಡೆದುಹಾಕಿ ಅದನ್ನೇ ಇಟ್ಟುಕೊಳ್ಳುತ್ತೇನೆ. ಬರಹ ಮುಂದಿನ ವಾರ ಅಚ್ಚಿಗೆ ಹೋಗಲಿದೆ.

ವಂದನೆಗಳೊಂದಿಗೆ.